ಬಿಡುವಿನ ಕೆಲಸ

ಕೈ ಸುಮ್ಮನಿರದ ಹೆಂಗಸರದು ಬೇರೆಯೇ ಒಂದು ಜಾತಿ. ಅದಕ್ಕೆ ದೇಶದ ಹಂಗಿಲ್ಲ, ಭಾಷೆಯ ಹಂಗೂ ಇಲ್ಲ. ನಮ್ಮ ಧಾರವಾಡದ ಕಡೆ ಈ ಜಾತಿಯವರು ಟಿ.ವಿ. ಧಾರಾವಾಹಿ ನೋಡುತ್ತಲೇ ಹೂಬತ್ತಿ ಹೊಸೆಯುತ್ತಾರೆ. ಮದುವೆಮನೆಯಲ್ಲಿ ಹರಟೆಗೆ ಕೂತರೆ ಯಾರೂ ಹೇಳದಿದ್ದರೂ ಮಲ್ಲಿಗೆ ಬುಟ್ಟಿ ಎಳೆದುಕೊಂಡು ಮಾಲೆ ಕಟ್ಟತೊಡಗುತ್ತಾರೆ. ದವಾಖಾನೆಯಲ್ಲಿ ಪಾಳಿ ಹಚ್ಚಿ ಕೂತಾಗ ಅವರ ಚೀಲದಿಂದ ಕ್ರೋಶಾ ಕಡ್ಡಿ ಹೊರಬರುತ್ತದೆ. ಡಾಕ್ಟರು ತಡಮಾಡಿದಷ್ಟೂ ಅವರಿಗೆ ಲಾಭ. ನಾನೂ ಇದೇ ಜಾತಿಯವಳು. ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋದಾಗ ಪಾತ್ರೆ ತೊಳೆಯುವ ಯಂತ್ರ, ಬಟ್ಟೆ ಒಣಗಿಸುವ ಯಂತ್ರ, ಕಸ ಗುಡಿಸುವ ಯಂತ್ರ ಎಲ್ಲ ಸೇರಿ ನನ್ನ ಕೈಯ ಕೆಲಸ ಕಸಿದುಕೊಂಡವು. ನನ್ನ ಚಡಪಡಿಕೆ ನೋಡಲಾರದೆ ಮಗಳೇ ಒಂದು ದಿನ ಹೇಳಿದಳು: "ಅವ್ವಾ, ಶನಿವಾರ ಇಲ್ಲಿ ಊರ ಹಾಲಿನ್ಯಾಗ ಲೇಸ್ ಹೆಣಿಯೋರು ಕೂಡತಾರಂತ. ನೀನೂ ಹೋಗಿ ಕೂಡು. ಇಲ್ಲಾಂದ್ರ ನನ್ನ ಪಡದಾ ಎಲ್ಲಾ ಬಿಚ್ಚಿ ಮತ್ತ ಹೊಲೀತಿ."

ಮಗಳಿರುವುದು ಬೆಡ್‌ಫರ್ಡ್‌ಶೈರ್‌ನಲ್ಲಿ. ಅದು ಮತ್ತು ಅದಕ್ಕೆ ಹೊಂದಿಕೊಂಡ ಬಕಿಂಗ್‌ಹ್ಯಾಮ್‌ಶೈರ್, ನಾರ್ಥಾಂಪ್ಟನ್‌ಶೈರ್ ಒಂದು ಕಾಲಕ್ಕೆ ಲೇಸಿನ ಸೀಮೆ. ಈಗ ಅಲ್ಲಿ ಲೇಸ್ ಮಾಡಿ ಬದುಕುವವರು ಯಾರೂ ಇಲ್ಲ, ಲೇಸ್ ಮಾಡುವ ಸಂಘಗಳು ಮಾತ್ರ ಇವೆ. ಗಿಲ್ಡ್ ಎನ್ನುತ್ತಾರೆ. ತಿಂಗಳಿಗೊಮ್ಮೆ ಹಾಲ್ ಬಾಡಿಗೆ ಹಿಡಿದು ಬೆಳಗಿನಿಂದ ಸಂಜೆಯವರೆಗೆ ಕೂಡುತ್ತಾರೆ. ನಾನು ಹೋದ ಗಿಲ್ಡಿನಲ್ಲಿ ನಿವೃತ್ತ ಟೀಚರುಗಳು, ನರ್ಸುಗಳು, ಒಬ್ಬ ಮಾಜಿ ರೈಲ್ವೆ ಇಂಜಿನಿಯರ್, ಇಬ್ಬರು ಕಾಲೇಜು ಹುಡುಗಿಯರು ಇದ್ದರು. ಒಳಗೆ ಕಾಲಿಟ್ಟಾಗ ಯಾರೂ ತಲೆ ಎತ್ತಲಿಲ್ಲ. ಮರದ ಕಡ್ಡಿಗಳು ಒಂದಕ್ಕೊಂದು ತಾಗುವ ಟಿಕ್ ಟಿಕ್ ಸದ್ದು ಮಾತ್ರ ಹಾಲಿನ ತುಂಬ ಇತ್ತು. ಆ ಸಾಲು ಮುಗಿದ ಮೇಲೆಯೇ "ಬನ್ನಿ, ಚಹಾ ಅಲ್ಲಿದೆ" ಎಂದರು. ಕೈಯಲ್ಲಿರುವ ಕೆಲಸಕ್ಕಿಂತ ಅತಿಥಿ ದೊಡ್ಡವನಲ್ಲ ಎನ್ನುವ ಈ ಶಿಷ್ಟಾಚಾರ ನನಗೆ ಕೂಡಲೇ ಹಿಡಿಸಿತು.

ಉಳಿದದ್ದೆಲ್ಲ ನಮ್ಮ ಮಹಿಳಾ ಮಂಡಳದ ಹಾಗೆಯೇ. ವರ್ಗಣಿ ಹಾಕುವ ತಗಡಿನ ಡಬ್ಬಿ ಇತ್ತು. ಲೆಕ್ಕದಲ್ಲಿ ಎರಡು ಪೌಂಡ್ ಹೆಚ್ಚು ಬಂದದ್ದಕ್ಕೆ ನಿದ್ದೆಗೆಟ್ಟ ಖಜಾಂಚಿ ಇದ್ದರು. ಕೇಕ್ ತರುವ ಪಾಳಿಯ ಪಟ್ಟಿ ಗೋಡೆಗಿತ್ತು. ಕಿಟಕಿ ಪಕ್ಕದ ಕುರ್ಚಿ ಯಾರದೆಂದು ಎಲ್ಲೂ ಬರೆದಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ಕಪಾಟಿನಲ್ಲಿ ಸಂಘದ ಪುಸ್ತಕಗಳು, ಹಳೆಯ ನಮೂನೆಗಳ ಕಡತ. ವರ್ಷಕ್ಕೊಮ್ಮೆ 'ಲೇಸ್ ದಿನ' ಎಂದು ಜಾತ್ರೆಯಂತೆ ನಡೆಯುತ್ತದಂತೆ: ದಾರ, ದಿಂಬು, ಬಾಬಿನ್ ಮಾರುವವರು ಸಾಲಾಗಿ ಅಂಗಡಿ ಹಾಕುತ್ತಾರೆ, ಲಕ್ಕಿ ಡ್ರಾ ಇರುತ್ತದೆ, ಹೊರಗಿನಿಂದ ಬಂದ ಶಿಕ್ಷಕಿಯೊಬ್ಬರು ಕಲಿಸುತ್ತಾರೆ. ಮನೆಯಲ್ಲಿ ಆಗಲೇ ಆರು ಜನ್ಮಕ್ಕಾಗುವಷ್ಟು ದಾರ ಇದ್ದವರೂ ಮತ್ತೆ ದಾರ ಕೊಳ್ಳುತ್ತಾರೆ. ಸೀರೆ ಬೀರು ಮುಚ್ಚಲಾಗದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಾದಗಳೂ ಇವೆ. ಲೇಸಿನ ಪಟ್ಟಿಗೆ ಎರಡು ಅಂಚು. ಬಟ್ಟೆಗೆ ಹೊಲಿಯುವ ನೇರ ಅಂಚು ಒಂದು ಕಡೆ, ಚೆಲುವಿಗೆ ಬಿಟ್ಟ ಅಲೆಯಂಚು ಇನ್ನೊಂದು ಕಡೆ. ಇಂಗ್ಲಿಷರು ಹೆಣೆಯುವಾಗ ನೇರ ಅಂಚನ್ನು ಬಲಕ್ಕೆ ಇಟ್ಟುಕೊಂಡರೆ ಯೂರೋಪಿನ ನೆಲದವರು ಎಡಕ್ಕೆ ಇಟ್ಟುಕೊಳ್ಳುತ್ತಾರೆ. ರಸ್ತೆಯಲ್ಲಿ ಇಂಗ್ಲಿಷರು ಎಡಕ್ಕೆ, ಅವರು ಬಲಕ್ಕೆ. ಒಟ್ಟಿನಲ್ಲಿ ಇಂಗ್ಲಿಷ್ ಕಾಲುವೆಯ ಎರಡು ದಡದವರೂ ಯಾವುದರಲ್ಲೂ ಒಂದೇ ಕಡೆ ಹೋಗಬಾರದು ಎಂದು ಎಂದೋ ಒಪ್ಪಂದ ಮಾಡಿಕೊಂಡಂತಿದೆ. ಬೆಲ್ಜಿಯಂನ ಪುಸ್ತಕ ನೋಡಿ ಕಲಿತ ಒಬ್ಬಾಕೆ ಎಡಕ್ಕಿಟ್ಟುಕೊಂಡು ಹೆಣೆಯುತ್ತಿದ್ದರು. ಆಕೆಯ ಪಕ್ಕದ ಕುರ್ಚಿ ಖಾಲಿ ಇತ್ತು. ನಾನು ಅಲ್ಲೇ ಕೂತೆ.

ಈ ಹೆಣಿಗೆಯಲ್ಲಿ ಸೂಜಿಯಿಲ್ಲ, ಕೊಕ್ಕೆಕಡ್ಡಿಯೂ ಇಲ್ಲ. ಒಣಹುಲ್ಲು ತುರುಕಿ ಗಟ್ಟಿ ಮಾಡಿದ ದಿಂಬಿನ ಮೇಲೆ ತೂತು ಚುಚ್ಚಿದ ರಟ್ಟಿನ ನಮೂನೆ. ದಾರ ಸುತ್ತಿದ ಪೆನ್ಸಿಲ್ ಗಾತ್ರದ ಕಡ್ಡಿಗಳೇ ಬಾಬಿನ್. ಅವು ಯಾವಾಗಲೂ ಜೋಡಿಯಾಗಿಯೇ ಇರುತ್ತವೆ. ಎಷ್ಟೇ ಬಾಬಿನ್ ನೇತಾಡುತ್ತಿರಲಿ, ಕೈಯಲ್ಲಿ ಹಿಡಿಯುವುದು ಒಮ್ಮೆಗೆ ಎರಡು ಜೋಡಿ ಮಾತ್ರ. ನಡುವಿನ ಎರಡರಲ್ಲಿ ಎಡದ್ದನ್ನು ಬಲದ್ದರ ಮೇಲೆ ದಾಟಿಸಬೇಕು. ಆಮೇಲೆ ಆಯಾ ಜೋಡಿಯಲ್ಲಿ ಬಲದ್ದನ್ನು ಎಡದ್ದರ ಮೇಲೆ ತಿರುವಬೇಕು. ದಾಟಿಸು, ತಿರುವು. ಇಷ್ಟೇ. ಹೆಣೆದದ್ದು ಜಾರದಂತೆ ನಮೂನೆಯ ತೂತಿನಲ್ಲಿ ಒಂದು ಟಾಚಣಿ ಚುಚ್ಚಬೇಕು. ಜಾಲ, ಎಲೆ, ಹೂ, ಬಳ್ಳಿ, ರಾಣಿಯ ಮುಸುಕು, ಪಾದ್ರಿಯ ನಿಲುವಂಗಿಯ ಅಂಚು ಎಲ್ಲವೂ ಈ ಎರಡೇ ಚಲನೆಯಿಂದ ಹುಟ್ಟಿದವು. ಕೊನೆಗೆ ಟಾಚಣಿ ಕಿತ್ತರೆ ದಾರದ ಚಿತ್ತಾರ ತನ್ನಷ್ಟಕ್ಕೆ ತಾನು ನಿಲ್ಲುತ್ತದೆ. ಅದರಲ್ಲಿ ದಾರಕ್ಕಿಂತ ತೂತೇ ಹೆಚ್ಚು. ಎಲ್ಲರ ಮನೆ ದೋಸೆಯೂ ತೂತೇ ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಈ ಸೀಮೆಯವರು ಅದೇ ತೂತುಗಳನ್ನು ಸಾಲಾಗಿ ಜೋಡಿಸಿ ಯೂರೋಪಿನ ಶ್ರೀಮಂತರಿಗೆ ಮಾರಿದರು.

ಗಿಲ್ಡಿನವರಿಗೆ ಲೇಸಿನಷ್ಟೇ ಹುಚ್ಚು ಬಾಬಿನ್ನಿನದು. ಈ ಸೀಮೆಯ ಬಾಬಿನ್ನಿನ ತುದಿಗೆ ತಂತಿಯಲ್ಲಿ ಪೋಣಿಸಿದ ಗಾಜಿನ ಮಣಿಗಳ ಉಂಗುರ ಇರುತ್ತದೆ. ದಾರಕ್ಕೆ ತೂಕ ಸಿಗಲಿ, ಕಡ್ಡಿ ಉರುಳದಿರಲಿ ಎಂದು ಆ ಏರ್ಪಾಡು. ಮಣಿಗಳ ನಡುವೆ ಗಂಡನ ಕೋಟಿನ ಗುಂಡಿಯನ್ನೋ ಸಮುದ್ರದ ಕಪ್ಪೆಚಿಪ್ಪನ್ನೋ ನೆನಪಿಗೆಂದು ಪೋಣಿಸಿದವರಿದ್ದಾರೆ. ಬಾಬಿನ್ನುಗಳಿಗೆ ಹೆಸರುಗಳೂ ಉಂಟು. ತವರದ ಚುಕ್ಕೆಯಿದ್ದರೆ ಚಿರತೆ, ತವರದ ಪಟ್ಟೆಯಿದ್ದರೆ ಹುಲಿ. ಹೊಟ್ಟೆ ಕೊರೆದು ಒಳಗೊಂದು ಪುಟಾಣಿ ಬಾಬಿನ್ ಇಟ್ಟದ್ದು ತಾಯಿ-ಮಗು. ಯಾವ ಅಲಂಕಾರವೂ ಇಲ್ಲದ ಸಣಕಲು ಕಡ್ಡಿ 'ಮದುವೆಯಾಗದ ಮುದುಕಿ'. ಈ ಕೊನೆಯ ಹೆಸರಿಟ್ಟವರು ಗಂಡಸರೇ ಇರಬೇಕು ಎಂದೆ. ಮಾಜಿ ಇಂಜಿನಿಯರ್ ಕೇಳಿಸದವರಂತೆ ಚಹಾ ತರಲು ಎದ್ದರು.

ಮೂಳೆಯ ಬಾಬಿನ್ನುಗಳ ಮೇಲೆ ಚುಕ್ಕೆ ಚುಕ್ಕೆ ಕೊರೆದು ಕೆಂಪು-ನೀಲಿ ಬಣ್ಣ ತುಂಬಿ ಬರೆಸುತ್ತಿದ್ದರು. ತಾಯಿಯ ಹೆಸರು, ಮಗುವಿನ ಹುಟ್ಟಿದ ದಿನ, ದೇವರ ಹೆಸರು, ಪ್ರೇಮಿಯ ಗೋಗರೆತ. ಇನ್ನೊಂದು ಬಗೆಯೂ ಇದೆ: ಬೆಡ್‌ಫರ್ಡ್‌ನಲ್ಲಿ 1860ರಲ್ಲಿ ಗಲ್ಲಿಗೇರಿದ ಜೋಸೆಫ್ ಕಾಸಲ್ ಎಂಬ ಹೆಂಡತಿಯ ಕೊಲೆಗಾರನ ಹೆಸರು, ಅವನನ್ನು ನೇಣಿಗೆ ಹಾಕಿದ ವರ್ಷ. ಆ ಕಾಲಕ್ಕೆ ಗಲ್ಲು ಬಯಲಲ್ಲೇ ನಡೆಯುತ್ತಿತ್ತು, ಜನ ನೋಡಲು ನೆರೆಯುತ್ತಿದ್ದರು. ನೆನಪಿನ ಕಾಣಿಕೆಯಾಗಿ ಇಂಥ ಬಾಬಿನ್ ಮಾರಾಟವಾಗುತ್ತಿದ್ದವು. ಒಂದೇ ದಿಂಬಿನ ಮೇಲೆ ಕಂದನ ಹೆಸರಿನ ಪಕ್ಕ ಕೊಲೆಗಾರನ ಹೆಸರು ತೂಗುತ್ತಿದ್ದಿರಬೇಕು. ಅಕ್ಷರ ಕಲಿಯದ ಎಷ್ಟೋ ಹೆಂಗಸರಿಗೆ ಊರಿನ ಇತಿಹಾಸ ಎಂದರೆ ಈ ಕಡ್ಡಿಗಳೇ.

ಇಲ್ಲಿಯವರೆಗೆ ಎಲ್ಲ ಸಕ್ಕರೆ. ಚಹಾ ಮುಗಿದ ಮೇಲೆ ಕಿಟಕಿ ಪಕ್ಕದ ಕುರ್ಚಿಯ, ಎಂಬತ್ತು ದಾಟಿದ ಅಜ್ಜಿ ಕಡತದಿಂದ ಹಳೆಯ ಕಥೆ ತೆಗೆದರು. ಅವರ ಅಜ್ಜಿಯ ಅಜ್ಜಿ ಲೇಸ್ ಶಾಲೆಯಲ್ಲಿ ಕಲಿತವರು. ಶಾಲೆ ಎಂದರೆ ಯಾರದೋ ಗುಡಿಸಲಿನ ಒಂದು ಕೋಣೆ. ಐದಾರು ವರ್ಷದ ಮಕ್ಕಳನ್ನು, ಹುಡುಗಿಯರ ಜೊತೆ ಹುಡುಗರನ್ನೂ, ಅಲ್ಲಿ ದಿನವಿಡೀ ದಿಂಬಿನ ಮುಂದೆ ಕೂಡಿಸುತ್ತಿದ್ದರು. ಮಸಿ ಹಾರಿ ಲೇಸ್ ಕೊಳೆಯಾಗುತ್ತದೆಂದು ಚಳಿಗಾಲದಲ್ಲೂ ಒಲೆ ಹಚ್ಚುತ್ತಿರಲಿಲ್ಲ. ಬಿಸಿ ಬೂದಿ ತುಂಬಿದ ಮಡಕೆಯನ್ನು ಲಂಗದ ಅಡಿ ಇಟ್ಟುಕೊಂಡು ಕಾಲು ಕಾಯಿಸಿಕೊಳ್ಳಬೇಕು. ಕತ್ತಲಾದ ಮೇಲೆ ನಡುವೆ ಒಂದೇ ಮೋಂಬತ್ತಿ, ಅದರ ಸುತ್ತ ನೀರು ತುಂಬಿದ ಗಾಜಿನ ಬುರುಡೆಗಳು. ಬುರುಡೆ ಬೆಳಕನ್ನು ಒಟ್ಟು ಮಾಡಿ ದಿಂಬಿನ ಮೇಲೆ ಒಂದು ಚುಕ್ಕೆಯಾಗಿ ಬೀಳಿಸುತ್ತಿತ್ತು. ಹತ್ತಿರದ ಸಾಲಿನವರಿಗೆ ಮೊದಲ ಬೆಳಕು, ಅವರ ಹಿಂದಿನವರಿಗೆ ಎರಡನೆಯ ಬೆಳಕು. ಒಳ್ಳೆಯ ಕೆಲಸಗಾತಿಗೆ ಒಳ್ಳೆಯ ಬೆಳಕು.

ಕೈ ನಿಧಾನವಾಗದಿರಲೆಂದು ಮಕ್ಕಳಿಂದ ಎಣಿಕೆಯ ಹಾಡು ಹಾಡಿಸುತ್ತಿದ್ದರು. ಒಂದೊಂದು ಸಾಲಿಗೆ ಇಷ್ಟು ಟಾಚಣಿ ಎಂದು ಲೆಕ್ಕ. ಹಾಡು ಮುಗಿದಾಗ ಯಾರ ಎಣಿಕೆ ಹಿಂದೆ ಬಿದ್ದಿದೆಯೋ ಅವರಿಗೆ ಬೈಗುಳ. ಮೂಳೆಯ ಕಡ್ಡಿಗಳಲ್ಲಿ ದಾರ ಹೆಣೆಯುತ್ತ ಹಾಡುವ ಹುಡುಗಿಯರ ಮಾತು ಶೇಕ್ಸ್‌ಪಿಯರನ 'ಟ್ವೆಲ್ಫ್ತ್ ನೈಟ್' ನಾಟಕದಲ್ಲೂ ಬರುತ್ತದೆ. ಡ್ಯೂಕನೊಬ್ಬ ಆ ಹಾಡನ್ನು ಹೊಗಳುತ್ತಾನೆ. ಡ್ಯೂಕನಿಗೇನು, ಅವನು ಕೇಳುವವನು. ಹತ್ತಿರದ ಓಲ್ನಿ ಎಂಬ ಊರಿನಲ್ಲಿ 1768ರಿಂದ 1786ರವರೆಗೆ ಬಾಳಿದ ಕವಿ ವಿಲಿಯಂ ಕೂಪರ್ ಮಾತ್ರ ಇದನ್ನು ಬೀದಿಯಲ್ಲಿ ನಿಂತು ನೋಡಿದವನು. ಆ ಪುಟ್ಟ ಊರಿನಲ್ಲಿ ಹೆಚ್ಚುಕಡಿಮೆ 1,200 ಮಂದಿ ಲೇಸ್ ಹೆಣೆಯುವವರಿದ್ದಾರೆ, ಬಿಡದೆ ದುಡಿದರೂ ನೂರಾರು ಜನ ಉಪವಾಸದ ಅಂಚಿನಲ್ಲಿದ್ದಾರೆ ಎಂದು 1780ರಲ್ಲಿ ವಕೀಲ ಗೆಳೆಯನಿಗೆ ಪತ್ರ ಬರೆದ. ದಾರ ಕೊಡುವವನೂ ಲೇಸ್ ಕೊಳ್ಳುವವನೂ ಒಬ್ಬನೇ ವ್ಯಾಪಾರಿ. ಕೂಲಿಯಲ್ಲಿ ದಾರದ ದುಡ್ಡು ಮುರಿದುಕೊಂಡು, ಉಳಿದದ್ದರಲ್ಲಿ ಒಂದಿಷ್ಟನ್ನು ತನ್ನ ಅಂಗಡಿಯ ಸಾಮಾನಾಗಿ ಕೊಡುತ್ತಿದ್ದ. ಹಾಗಾದರೆ ಕೈಗೆ ಉಳಿಯುತ್ತಿದ್ದದ್ದು ಏನು ಎಂದು ಕೇಳಿದೆ. "ಬೆನ್ನುನೋವು" ಎಂದರು ಅಜ್ಜಿ.

ಇಷ್ಟಾದರೂ ಹಬ್ಬ ಬಿಟ್ಟವರಲ್ಲ. ನವೆಂಬರ್ 25, ಸಂತ ಕ್ಯಾಥರೀನಳ ದಿನ, ಲೇಸಿನವರ ಹಬ್ಬ. ಕ್ಯಾರವೇ ಬೀಜ ಹಾಕಿದ ಕೇಕ್ ಅಂದಿನ ವಿಶೇಷ. ಗಿಲ್ಡಿನವರು ಇಂದಿಗೂ ಅದನ್ನು ಮಾಡಿ ತಿನ್ನುತ್ತಾರೆ. ಈ ಸೀಮೆಯವರು ಸಂತಳ ಜೊತೆಗೆ ಇನ್ನೊಬ್ಬ ಕ್ಯಾಥರೀನಳನ್ನೂ ಸೇರಿಸಿಕೊಂಡಿದ್ದಾರೆ. ಎಂಟನೆಯ ಹೆನ್ರಿ ದೊರೆ ಬಿಟ್ಟುಬಿಟ್ಟ ಮೊದಲ ರಾಣಿ ಕ್ಯಾಥರೀನ್ ಇಲ್ಲಿನ ಆಂಪ್ಟ್‌ಹಿಲ್‌ನಲ್ಲಿ ಕೆಲಕಾಲ ಇದ್ದಳು. ಲೇಸಿನವರಿಗೆ ಕೆಲಸವಿಲ್ಲದಾಗ ತನ್ನ ಲೇಸನ್ನೆಲ್ಲ ಸುಟ್ಟು ಹೊಸದಕ್ಕೆ ಹೇಳಿಕಳಿಸಿದಳು ಎಂಬುದು ಕಥೆ. ಇತಿಹಾಸಕಾರರು ಇದನ್ನು ನಂಬುವುದಿಲ್ಲ, ಗಿಲ್ಡಿನವರು ಬಿಡುವುದಿಲ್ಲ. ಗಂಡ ಬಿಟ್ಟ ಹೆಂಗಸು ಇನ್ನೊಬ್ಬ ಹೆಂಗಸಿನ ಹೊಟ್ಟೆಪಾಡು ನೆನೆದಳು ಎನ್ನುವ ಕಥೆಯನ್ನು ನಾನಾದರೂ ಬಿಡುತ್ತಿರಲಿಲ್ಲ.

ಕಸೂತಿಯ ಇಳಕಲ್ ಸೀರೆ ಉಟ್ಟುಕೊಂಡು ಹೋದ ದಿನ ಗಿಲ್ಡಿನ ಟಿಕ್ ಟಿಕ್ ನಿಂತಿತು. ಎದುರಿಗೆ ಚೆನ್ನಾಗಿದೆ ಎಂದು ಯಾರೂ ಹೇಳಲಿಲ್ಲ. ಅಜ್ಜಿ ಕನ್ನಡಕ ಸರಿಮಾಡಿಕೊಂಡು, "ಹಿಂಬದಿ ನೋಡಬಹುದೇ?" ಎಂದರು. ಸೆರಗು ತಿರುವಿದೆ. ಗೋಪುರ, ಪಲ್ಲಕ್ಕಿ, ತುಳಸಿಕಟ್ಟೆ ಆ ಬದಿಯಲ್ಲೂ ಹಾಗೇ ಇದ್ದವು. ಗಂಟಿಲ್ಲ, ಅಡ್ಡ ಹಾದ ದಾರವಿಲ್ಲ. ಕಸೂತಿಯ ಗಾವಂತಿ ಎಂಬ ಹೊಲಿಗೆಯಲ್ಲಿ ಹೋಗುತ್ತ ಒಂದು ಹೊಲಿಗೆ ಬಿಟ್ಟು ಒಂದು ಹಾಕಿ, ಬರುತ್ತ ಬಿಟ್ಟ ಜಾಗ ತುಂಬುತ್ತಾರೆ. ಮುರಗಿಯೂ ಹಾಗೆಯೇ, ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ನೇಗಿ, ಮೆಂತೆಗಳಿಗೆ ಮಾತ್ರ ಹಿಂದು-ಮುಂದು ಉಂಟು. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವ ಪದ್ಧತಿ ಇಲ್ಲ, ಎಳೆ ಎಣಿಸಿಯೇ ಹಾಕಬೇಕು ಎಂದು ವಿವರಿಸಿದೆ. ಅವರಲ್ಲೂ ಗಾವಂತಿಯಂಥದೇ ಹೊಲಿಗೆ ಇದೆಯಂತೆ. ಹಾನ್ಸ್ ಹೋಲ್ಬೈನ್ ಎಂಬ ಚಿತ್ರಕಾರ ಹೆನ್ರಿಯ ಆಸ್ಥಾನದವರ ಅಂಗಿಯ ಕೊರಳಲ್ಲಿ ಅದನ್ನು ಎಳೆ ಎಳೆಯಾಗಿ ಬರೆದಿದ್ದರಿಂದ ಅವನ ಹೆಸರೇ ಅದಕ್ಕೆ ನಿಂತಿದೆ. ಸ್ಪೇನಿನಿಂದ ಆ ಕರಿದಾರದ ಕಸೂತಿಯ ರೂಢಿ ತಂದವಳು ಇದೇ ಕ್ಯಾಥರೀನ್ ಎಂದು ಹೇಳುತ್ತಾರೆ. ಆಮೇಲೆ ಆ ಮಧ್ಯಾಹ್ನ ಭಾಷೆಯ ಅಡ್ಡಿ ಇರಲಿಲ್ಲ. ಕೈಕೆಲಸ ಬಲ್ಲವರು ಯಾವ ದೇಶದವರಾದರೂ ಮೊದಲು ಹಿಂಬದಿ ನೋಡುತ್ತಾರೆ.

ಹಿಂಬದಿ ನೋಡುವ ಚಾಳಿ ನನಗೂ ಇರುವುದರಿಂದ, ಇವರು ಮಾಡಿದ ಲೇಸ್ ಎಲ್ಲಿ ಹೋಗುತ್ತದೆ ಎಂದು ಕೇಳಿದೆ. ಮೊಮ್ಮಗುವಿನ ನಾಮಕರಣದ ಅಂಗಿಗೆ, ಗೆಳತಿಯ ಮಗಳ ಮದುವೆಯ ಕರವಸ್ತ್ರಕ್ಕೆ, ಗೋಡೆಯ ಚೌಕಟ್ಟಿಗೆ. ಉಳಿದದ್ದು ಪೆಟ್ಟಿಗೆಗೆ. ಮಾರುವುದಿಲ್ಲ. ಜಾತ್ರೆಯಲ್ಲಿ ಪ್ರಾತ್ಯಕ್ಷಿಕೆಗೆ ಕೂತಾಗ ಬಂದವರೆಲ್ಲ "ಎಷ್ಟು ಹೊತ್ತು ಹಿಡಿಯುತ್ತದೆ, ಎಷ್ಟಕ್ಕೆ ಕೊಡುತ್ತೀರಿ?" ಎಂದು ಕೇಳುತ್ತಾರಂತೆ. ಖಜಾಂಚಿ ಕಾಗದ ತೆಗೆದು ಲೆಕ್ಕ ತೋರಿಸಿದರು. ಬ್ರಿಟನ್ನಿನಲ್ಲಿ ವಯಸ್ಕರಿಗೆ ಕನಿಷ್ಠ ಕೂಲಿ 2025ರ ಏಪ್ರಿಲ್‌ನಲ್ಲಿ ಗಂಟೆಗೆ 12.21 ಪೌಂಡ್ ಇತ್ತು. ಒಂದು ಅಂಚಿಗೆ ನೂರು ಗಂಟೆ ಹಿಡಿಯಿತು ಎಂದಿಟ್ಟುಕೊಂಡರೆ 1,221 ಪೌಂಡ್, ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿ ದಾಟುತ್ತದೆ. ಒಂದು ಕರವಸ್ತ್ರಕ್ಕೆ! ಮೂಗು ಒರೆಸಲು ಯಾರಿಗೂ ಧೈರ್ಯ ಬಾರದು. ಕಡಿಮೆಗೆ ಮಾರಿದರೆ ತಮ್ಮ ಕೈಗೆ ತಾವೇ ಅವಮಾನ ಮಾಡಿದಂತೆ. ಆದ್ದರಿಂದ ಸುಮ್ಮನೆ ಕೊಟ್ಟುಬಿಡುತ್ತಾರೆ. ಪಿಂಚಣಿ ಬರುವವರಿಗೆ ಇದು ಸಾಧ್ಯ.

ಇಂಗ್ಲೆಂಡಿನಲ್ಲಿ ಈ ಕೆಲಸ ಹೊಟ್ಟೆಪಾಡಿನಿಂದ ಬಿಡುವಿಗೆ ಬಂದದ್ದು ಯಂತ್ರದ ದೆಸೆಯಿಂದ. ಜಾನ್ ಹೀತ್‌ಕೋಟ್ ಎಂಬವನು 1809ರಲ್ಲಿ ಲೇಸಿನ ಜಾಲ ಹೆಣೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಯಂತ್ರ ಒಡೆಯುವ ಲಡೈಟರು 1816ರಲ್ಲಿ ಲಫ್‌ಬರೋದ ಅವನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಪುಡಿಗಟ್ಟಿದರು. ಅವನು ಡೆವನ್ನಿನ ಟಿವರ್ಟನ್‌ಗೆ ಹೋಗಿ ಮತ್ತೆ ಶುರುಮಾಡಿದ. ವಿಕ್ಟೋರಿಯಾ ರಾಣಿ 1840ರ ತನ್ನ ಮದುವೆಗೆ ಡೆವನ್ನಿನ ಹೆಂಗಸರು ಕೈಯಲ್ಲಿ ಮಾಡಿದ ಲೇಸ್ ತೊಟ್ಟು ಕಸುಬಿಗೆ ಒಂದಿಷ್ಟು ಜೀವ ತುಂಬಿದಳು. 1867ರ ಕಾಯಿದೆ ಎಂಟು ವರ್ಷದೊಳಗಿನ ಮಕ್ಕಳನ್ನು ಇಂಥ ಕೆಲಸಕ್ಕೆ ಹಚ್ಚಬಾರದೆಂದಿತು, ಬಳಿಕ ಶಾಲೆ ಕಡ್ಡಾಯವಾಯಿತು, ಮಕ್ಕಳು ದಿಂಬು ಬಿಟ್ಟೆದ್ದರು. ಅದು ಒಳ್ಳೆಯದೇ ಆಯಿತು. ಕಸುಬು ಸತ್ತು, ಅದರ ಚೆಲುವು ಮಾತ್ರ ಮ್ಯೂಸಿಯಮ್ಮಿನಲ್ಲಿ ಉಳಿದ ಮೇಲೆ, 1976ರಲ್ಲಿ ಇಡೀ ದೇಶಕ್ಕೆ ಸೇರಿ 'ದ ಲೇಸ್ ಗಿಲ್ಡ್' ಹುಟ್ಟಿತು. ಹಳೆಯ ನಮೂನೆಗಳನ್ನು ಹುಡುಕಿ, ಬಿಡಿಸಿ, ಬರೆದಿಟ್ಟು, ಕೇಳಿದವರಿಗೆಲ್ಲ ಕಲಿಸುವುದು ಇಂಥ ಸಂಘಗಳ ಕೆಲಸ. ಸ್ಲೊವೇನಿಯಾದ ಇದ್ರಿಯಾ ಎಂಬ ಪಾದರಸದ ಗಣಿಯೂರಿನಲ್ಲಿ 1876ರಲ್ಲಿ ಶುರುವಾದ ಲೇಸ್ ಶಾಲೆ ಇನ್ನೂ ನಡೆಯುತ್ತಿದೆ. ಆ ದೇಶದ ಬಾಬಿನ್ ಲೇಸನ್ನು ಯುನೆಸ್ಕೊ 2018ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಕಥೆಯ ಇನ್ನರ್ಧ ನಮ್ಮ ದೇಶದಲ್ಲಿದೆ. ಮಾರ್ತಾ ಮಾಲ್ಟ್ ಎಂಬ ಮಿಷನರಿಯ ಹೆಂಡತಿ 1819ರಲ್ಲಿ ನಾಗರಕೋಯಿಲಿಗೆ ಬಂದಾಗ ಈ ದಿಂಬು-ಬಾಬಿನ್ನಿನ ವಿದ್ಯೆಯನ್ನೂ ತಂದರು. ಅವರ ಶಾಲೆಯಲ್ಲಿ ಕಲಿತ ಜೀತದ ಹುಡುಗಿಯರಲ್ಲಿ ಕೆಲವರು ಲೇಸಿನ ಗಳಿಕೆಯಿಂದಲೇ ಹಣ ಕಟ್ಟಿ ಬಿಡುಗಡೆ ಪಡೆದರು. ದಾರಕ್ಕೆ ಇದಕ್ಕಿಂತ ದೊಡ್ಡ ಬೆಲೆ ಎಲ್ಲೂ ಸಿಕ್ಕಿರಲಾರದು. ಗೋದಾವರಿಯ ಮುಖಜ ಭೂಮಿಯ ನರಸಾಪುರಕ್ಕೆ 1844ರ ಸುಮಾರಿಗೆ ಸ್ಕಾಟ್ಲೆಂಡಿನ ಮಿಷನರಿ ದಂಪತಿ ಕ್ರೋಶಾ ಲೇಸ್ ತಂದರು. ಅದು ಇಂದಿಗೂ ಅಲ್ಲಿನ ಸಾವಿರಾರು ಮನೆಗಳ ಹೆಂಗಸರ ಕೈಯಲ್ಲಿದೆ. ಜರ್ಮನ್ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಆ ಹೆಂಗಸರ ನಡುವೆ ಇದ್ದು ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ತಂದರು. ಮನೆಕೆಲಸದ ಮೇಲೆ ದಿನಕ್ಕೆ ಆರರಿಂದ ಎಂಟು ಗಂಟೆ ಹೆಣೆದರೂ ಅವರನ್ನು ಯಾರೂ ಕೆಲಸಗಾರರೆಂದು ಎಣಿಸಿರಲಿಲ್ಲ. ಅವರು 'ಗೃಹಿಣಿಯರು', ಅದು 'ಬಿಡುವಿನ ಕೆಲಸ'. ಹಾಗಾಗಿ ಪುಡಿಗಾಸು ಸಾಕು. ರಫ್ತಿನ ಲಾಭ ವ್ಯಾಪಾರಿ ಗಂಡಸರಿಗೆ. ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಊರಿನ ಹೆಸರಿಗೆ ರಕ್ಷಣೆ ಬಂತು. ಹೆಣೆಯುವವಳ ಗಂಟೆಗೆ ಬೆಲೆ ಕಟ್ಟುವ ಕೆಲಸವನ್ನು ಆ ಗುರುತು ಮಾಡುವುದಿಲ್ಲ.

ಓಲ್ನಿಯ ಗುಡಿಸಲಿನಲ್ಲಿ ಕೂಪರ್ ಕಂಡದ್ದಕ್ಕೂ ನರಸಾಪುರದ ಜಗಲಿಯಲ್ಲಿ ಮೀಸ್ ಕಂಡದ್ದಕ್ಕೂ ಇನ್ನೂರು ವರ್ಷಗಳ ಅಂತರ. ಲೆಕ್ಕ ಒಂದೇ. ನನ್ನ ಗಿಲ್ಡಿನ ಗೆಳತಿಯರು ನಿಜವಾದ ಬಿಡುವಿನಲ್ಲಿ ಹೆಣೆದು ಗಂಟೆಗಳನ್ನು ಎಣಿಸುತ್ತಾರೆ, ಬೆಲೆ ಬಾರದೆಂದು ಮಾರುವುದಿಲ್ಲ. ನಮ್ಮ ಹೆಂಗಸರು ಬಿಡುವಿಲ್ಲದೆ ಹೆಣೆಯುತ್ತಾರೆ. ಅದನ್ನು ಬಿಡುವೆಂದು ಕರೆದು ಗಂಟೆಗಳನ್ನು ಅಳಿಸಿಹಾಕುವವರು ಉಳಿದವರು. ನಮ್ಮ ಧಾರವಾಡ-ಹುಬ್ಬಳ್ಳಿಯ ಕಸೂತಿಗೂ ಈ ಮಾತು ಅನ್ವಯಿಸುತ್ತದೆ. ಅಂಗಡಿಯಲ್ಲಿ ಸೀರೆಯ ಜರಿಯನ್ನು ಉಜ್ಜಿ ನೋಡುತ್ತೇವೆ, ನೂಲು ಯಾವುದೆಂದು ಕೇಳುತ್ತೇವೆ, ಕಸೂತಿಗೆಷ್ಟು ದಿನ ಹಿಡಿಯಿತು ಎಂದು ಕೇಳುವವರು ಕಡಿಮೆ. "ಮನ್ಯಾಗ ಕೂತು ಮಾಡತಾರ್ರೀ, ಹೊತ್ತು ಹೋಗಬೇಕಲ್ಲ" ಎಂಬ ಮಾತು ಅಂಗಡಿಕಾರನ ಬಾಯಿಂದ ಬಂದರೆ ಕೊಳ್ಳುವವರೂ ಹೂಂಗುಡುತ್ತಾರೆ.

ಆದ್ದರಿಂದ ಗಿಲ್ಡಿನಿಂದ ನಾವು ಕಲಿಯಬೇಕಾದದ್ದು ಕೇಕಿನ ಪಾಳಿಯನ್ನಲ್ಲ, ಅದೂ ಚಲೋ ಪದ್ಧತಿಯೇ ಆದರೂ. ನಮ್ಮ ಊರುಗಳಲ್ಲೂ ತಿಂಗಳಿಗೊಮ್ಮೆ ಕಸೂತಿಯವರು, ಕ್ರೋಶಾದವರು, ಕೌದಿಯವರು ಒಂದೆಡೆ ಕೂಡಲಿ. ಹವ್ಯಾಸಕ್ಕೆ ಮಾಡುವವರೂ ಹೊಟ್ಟೆಗಾಗಿ ಮಾಡುವವರೂ ಒಂದೇ ಚಾಪೆಯ ಮೇಲೆ ಕೂತರೆ, ಒಂದು ಗೋಪುರಕ್ಕೆ ಎಷ್ಟು ಗಂಟೆ ಹಿಡಿಯುತ್ತದೆ ಎಂಬುದು ಇಬ್ಬರಿಗೂ ತಿಳಿದಿರುತ್ತದೆ, ಅದನ್ನು ಬರೆದಿಡಬಹುದು. ಮಾಡಿದವಳ ಹೆಸರನ್ನು ಒಂದು ಚೀಟಿಯಲ್ಲಿ ಸೀರೆಗೆ ಹಚ್ಚಬಹುದು. ಕೊಳ್ಳುವವರು ಸೆರಗು ತಿರುವಿ ಹಿಂಬದಿ ನೋಡಲಿ, ಮಾಡಿದವರು ಯಾರು, ಎಷ್ಟು ದಿನ ಕೂತರು ಎಂದು ಕೇಳಲಿ. ಉತ್ತರ ಸಿಗದ ಅಂಗಡಿಯಲ್ಲಿ ಕೊಳ್ಳುವುದು ಬೇಡ, ಉತ್ತರ ಸಿಕ್ಕ ಕಡೆ ಚೌಕಾಶಿ ಬೇಡ. ಬಿಡುವಿನಲ್ಲಿ ಮಾಡಿದ್ದನ್ನು ಪ್ರೀತಿಯಿಂದ ಪುಕ್ಕಟೆ ಕೊಡಬಹುದು. ಹೊಟ್ಟೆಪಾಡಿಗೆ ಮಾಡಿದ್ದಕ್ಕೆ ಗಂಟೆಯ ಲೆಕ್ಕದಲ್ಲೇ ಕೂಲಿ ಕೊಡಬೇಕು.